ಆಂಪ್ಲಿಫೈಯರ್ ಯಾಕೆ ಸುಟ್ಟಿತು? ಟ್ರಾನ್ಸಿಸ್ಟರ್ ಬದಲಿಸುವ ಮುಂಚೆ ಹುಡುಕಿ

ಗಣೇಶನ ಹಬ್ಬ ಮುಗಿದ ವಾರ ನನ್ನ ಮೇಜಿನ ಮೇಲೆ ಕೈಯಿಡಲು ಜಾಗ ಇರುವುದಿಲ್ಲ. ಸುಟ್ಟ ಆಂಪ್ಲಿಫೈಯರ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಹಾಗೆ ಬಂದ ಒಂದರ ಕಥೆ ಹೇಳುತ್ತೇನೆ. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಹುಡುಗನೊಬ್ಬ ತಂದದ್ದು. ಅಷ್ಟರಲ್ಲಿ ಬೇರೆ ಕಡೆ ಎರಡು ಸಲ ಔಟ್‌ಪುಟ್ ಟ್ರಾನ್ಸಿಸ್ಟರ್, ಅಂದರೆ ಸ್ಪೀಕರಿಗೆ ಕರೆಂಟ್ ಕೊಡುವ ದೊಡ್ಡ ಟ್ರಾನ್ಸಿಸ್ಟರ್, ಹಾಕಿಸಿದ್ದ. ಎರಡು ಸಲವೂ ಮೊದಲ ಕಾರ್ಯಕ್ರಮದ ರಾತ್ರಿಯೇ ಹೋಗಿತ್ತು. "ಒರಿಜಿನಲ್ಲೇ ಹಾಕಿಸಿದ್ದೆ ಅಣ್ಣಾ, ಬಿಲ್ಲೂ ಇದೆ" ಅಂದ. ನೋಡಿದೆ, ನಿಜವಾಗಿಯೂ ಒರಿಜಿನಲ್ಲೇ. ತೊಂದರೆ ಅಲ್ಲಿರಲಿಲ್ಲ.

ಔಟ್‌ಪುಟ್ ಟ್ರಾನ್ಸಿಸ್ಟರ್ ತಾನಾಗಿ ಸಾಯುವುದು ಕಡಿಮೆ. ಹೆಚ್ಚಿನ ಸಲ ಅದನ್ನು ಬೇರೆ ಯಾವುದೋ ಕೊಂದಿರುತ್ತದೆ. ಕೊಂದದ್ದು ಒಳಗೇ ಉಳಿದರೆ ಹೊಸ ಟ್ರಾನ್ಸಿಸ್ಟರ್ ಹಾಕಿದ್ದೂ ಒಂದೇ, ದುಡ್ಡು ಒಲೆಗೆ ಹಾಕಿದ್ದೂ ಒಂದೇ. ಅದಕ್ಕೇ ಈ ಲೇಖನದಲ್ಲಿ ಬದಲಿಸುವ ಕೆಲಸ ಕೊನೆಗೆ ಬರುತ್ತದೆ. ಹುಡುಕುವ ಕೆಲಸವೇ ಜಾಸ್ತಿ.

ನಾನು ಹೇಳುತ್ತಿರುವುದು ನಮ್ಮ ಮೈಕ್‌ಸೆಟ್, ಆರ್ಕೆಸ್ಟ್ರಾಗಳಲ್ಲಿ ಹೆಚ್ಚು ಕಾಣುವ ಕ್ಲಾಸ್ ಎಬಿ ಆಂಪ್ಲಿಫೈಯರ್ ಬಗ್ಗೆ. ಭಾರದ ಟ್ರಾನ್ಸ್‌ಫಾರ್ಮರ್, ಪ್ಲಸ್ 50 ಮತ್ತು ಮೈನಸ್ 50 ವೋಲ್ಟ್ ಆಸುಪಾಸಿನ ಸಪ್ಲೈ, ಹೀಟ್‌ಸಿಂಕ್ ಮೇಲೆ ಸಾಲಾಗಿ 2ಎಸ್‌ಸಿ5200 ಮತ್ತು 2ಎಸ್‌ಎ1943 ಟ್ರಾನ್ಸಿಸ್ಟರ್ ಜೋಡಿಗಳು. ಭಾರದ ಟ್ರಾನ್ಸ್‌ಫಾರ್ಮರ್ ಬದಲು ಹಗುರವಾದ ಎಸ್‌ಎಂಪಿಎಸ್ (ಸ್ವಿಚಿಂಗ್) ಸಪ್ಲೈ ಇರುವುದಕ್ಕೆ, ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಿಗೆ ಈ ದಾರಿ ಪೂರ್ತಿ ಹೊಂದುವುದಿಲ್ಲ. ಎಸ್‌ಎಂಪಿಎಸ್‌ನ ಒಳಗೆ 300 ವೋಲ್ಟಿಗೂ ಮೇಲಿನ ಡಿಸಿ ಕೂತಿರುತ್ತದೆ, ಅಭ್ಯಾಸವಿಲ್ಲದೆ ಅಲ್ಲಿ ಕೈ ಹಾಕಬೇಡಿ. ಕರೆಂಟಿನ ಕೆಲಸ ಇಲ್ಲಿಯವರೆಗೆ ಮಾಡಿಯೇ ಇಲ್ಲದವರು ಈ ಲೇಖನದ ಮೊದಲ ಎರಡು ಭಾಗ ಮಾತ್ರ ಮಾಡಿ. ಅದರಿಂದಲೂ ತುಂಬಾ ತಿಳಿಯುತ್ತದೆ.

ಮುಚ್ಚಳ ತೆಗೆಯುವ ಮುಂಚೆ ಮಾತಾಡಿ

ಆಂಪ್ಲಿಫೈಯರ್ ಹೋಗುವಾಗ ಪಕ್ಕದಲ್ಲಿ ಇದ್ದವರನ್ನು ಕೇಳಿ. ಮಾಲೀಕರಿಗಿಂತ ಮಿಕ್ಸರ್ ಬೋರ್ಡ್ ಮುಂದೆ ಕೂತಿದ್ದ ಹುಡುಗನಿಗೆ ಜಾಸ್ತಿ ಗೊತ್ತಿರುತ್ತದೆ. ಬೈಯುವ ಹಾಗೆ ಕೇಳಿದರೆ ಏನೂ ಹೇಳುವುದಿಲ್ಲ, ಸಮಾಧಾನವಾಗಿ ಕೇಳಿ.

ಜನ ಜಾಸ್ತಿ ಆದರು ಅಂತ ಇನ್ನೆರಡು ಬಾಕ್ಸ್ ಸೇರಿಸಿದಿರಾ? ಇದು ನನ್ನ ಮೊದಲ ಪ್ರಶ್ನೆ. 8 ಓಮಿನ ಎರಡು ಬಾಕ್ಸ್ ಪ್ಯಾರಲಲ್ ಹಾಕಿದರೆ 4 ಓಮ್. ನಾಲ್ಕು ಹಾಕಿದರೆ 2 ಓಮ್. 4 ಓಮ್ ಅಂತ ಹಿಂಬದಿಯಲ್ಲಿ ಬರೆದಿರುವ ಆಂಪ್ಲಿಫೈಯರ್ 2 ಓಮ್ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಹಾಡುತ್ತದೆ. ಆಮೇಲೆ ಸುಡುತ್ತದೆ.

ಎರಡನೆಯದು, ಕರೆಂಟ್ ಎಲ್ಲಿಂದ ಬಂತು? ಜನರೇಟರ್ ಇತ್ತಾ? ಆ ಹೊತ್ತಿಗೆ ಪೆಂಡಾಲಿನ ಒಂದು ಕಡೆಯ ಬಲ್ಬುಗಳು ಕಣ್ಣು ಕೋರೈಸುವಷ್ಟು ಉರಿದು, ಇನ್ನೊಂದು ಕಡೆಯವು ಮಂಕಾದವಾ? ಹೌದು ಅಂದರೆ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿದೆ ಅಂತ ತಿಳಿಯಿರಿ. ಆಗ 230 ವೋಲ್ಟಿನ ಜಾಗದಲ್ಲಿ 300, ಇನ್ನೂ ಮೇಲೆ ಬರಬಹುದು. ಲೆಕ್ಕ ಹಾಕಿ ನೋಡಿ: 230ಕ್ಕೆ 50 ವೋಲ್ಟ್ ಕೊಡುವ ಸಪ್ಲೈ 300ಕ್ಕೆ 65 ಕೊಡುತ್ತದೆ. ಒಳಗಿರುವ ದೊಡ್ಡ ಕೆಪಾಸಿಟರ್ ಮೇಲೆ 63 ವೋಲ್ಟ್ ಅಂತ ಬರೆದಿದ್ದರೆ ಅದು ಉಬ್ಬಿರುವುದರಲ್ಲಿ ಆಶ್ಚರ್ಯವಿಲ್ಲ.

ಹೋಗುವ ಮುಂಚೆ ಶಬ್ದ ಹೇಗಿತ್ತು ಅಂತಲೂ ಕೇಳಿ. ಕರಕರ ಅಂತ ಬಂದು ನಿಂತರೆ ಬಿರುಕು ಬಿಟ್ಟ ಸೋಲ್ಡರ್, ರಿಲೇ, ಕನೆಕ್ಟರ್ ಕಡೆ ಅನುಮಾನ. ಒಂದೇ ಸಲ ದಪ್ ಅಂದು ನಿಂತರೆ ಶಾರ್ಟ್. ಶಬ್ದ ಒಡೆದು ಒಡೆದು ಬರುತ್ತಿತ್ತು, ಆದರೂ ವಾಲ್ಯೂಮ್ ಏರಿಸಿದೆವು ಅಂದರೆ ಬಿಸಿ ಹೆಚ್ಚಿ ಹೋಗಿರಬಹುದು.

ಇನ್ನೊಂದು ಪ್ರಶ್ನೆ ಮರೆಯಬೇಡಿ: ಫ್ಯೂಸ್ ಹೋದಾಗ ಏನು ಹಾಕಿದಿರಿ? ತಾಮ್ರದ ತಂತಿ ಸುತ್ತಿದ್ದೆವು ಅಂದರೆ ಒಳಗೆ ಒಂದಲ್ಲ, ಹತ್ತು ಕಡೆ ಹಾನಿ ಆಗಿರುತ್ತದೆ. ಅದಕ್ಕೆ ಸಿದ್ಧರಾಗಿ.

ಹೊರಗಿನ ಲೈನ್, ಸ್ಪೀಕರ್ ನೋಡಿ

ಆಂಪ್ಲಿಫೈಯರ್ ಒಂದನ್ನೇ ತಂದುಕೊಟ್ಟರೆ ನಾನು ಅರ್ಧ ಕೆಲಸ ಅಂತಲೇ ಹೇಳುತ್ತೇನೆ. ಬಾಕ್ಸು, ವೈರು ಕೂಡ ಬರಬೇಕು.

ಸ್ಪೀಕರ್ ವೈರನ್ನು ಎರಡೂ ತುದಿ ಬಿಡಿಸಿ ಮಲ್ಟಿಮೀಟರ್ ಇಡಿ. ಎರಡು ಎಳೆಗಳ ನಡುವೆ ಓಪನ್ ಇರಬೇಕು, ಅಂದರೆ ಸಂಪರ್ಕವೇ ಇರಬಾರದು. ಹಾಗೇ ಇಟ್ಟುಕೊಂಡು ವೈರನ್ನು ಉದ್ದಕ್ಕೂ ಬಗ್ಗಿಸಿ, ಹಿಸುಕಿ. ಸ್ಟೇಜಿನ ಹಲಗೆಯ ಕೆಳಗೆ ಸಿಕ್ಕ ವೈರು, ಮೊಳೆ ಹೊಡೆದ ವೈರು ಸುಮ್ನೆ ಇಟ್ಟಾಗ ಸರಿ ತೋರಿಸುತ್ತದೆ, ತುಳಿದಾಗ ಶಾರ್ಟ್ ಆಗುತ್ತದೆ.

ಆಮೇಲೆ ಸ್ಪೀಕರ್. 8 ಓಮಿನ ಸ್ಪೀಕರ್ ಮಲ್ಟಿಮೀಟರಿನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸುತ್ತದೆ, ಅದು ಸರಿ. 3 ಓಮ್ ತೋರಿಸಿದರೆ ಕಾಯಿಲ್ ಒಳಗೇ ಸುಟ್ಟು ಸುತ್ತುಗಳು ಒಂದಕ್ಕೊಂದು ಅಂಟಿವೆ. ಕೋನ್ ಮೇಲೆ ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಗರಗರ ಉಜ್ಜಿದರೆ ಕಾಯಿಲ್ ಊದಿದೆ. ಇಲ್ಲಿ ಒಂದು ಗೊಂದಲ ಬರುತ್ತದೆ. ಸ್ಪೀಕರ್ ಸುಟ್ಟದ್ದರಿಂದ ಆಂಪ್ಲಿಫೈಯರ್ ಹೋಯಿತಾ, ಆಂಪ್ಲಿಫೈಯರ್ ಶಾರ್ಟ್ ಆಗಿ ಡಿಸಿ ಬಿಟ್ಟದ್ದರಿಂದ ಸ್ಪೀಕರ್ ಸುಟ್ಟಿತಾ? ಎರಡೂ ಆಗುತ್ತದೆ. ಒಂದೇ ಚಾನೆಲ್ಲಿನ ಎಲ್ಲ ಬಾಸ್ ಸ್ಪೀಕರ್‌ಗಳೂ ಒಟ್ಟಿಗೆ ಸುಟ್ಟಿದ್ದರೆ ಆಂಪ್ಲಿಫೈಯರ್ ಡಿಸಿ ಬಿಟ್ಟಿದೆ ಅಂತಲೇ ನಾನು ಹಿಡಿಯುತ್ತೇನೆ. ಪ್ರೊಟೆಕ್ಷನ್ ರಿಲೇ ಇದ್ದೂ ಹೀಗಾಗಿದ್ದರೆ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿದೆಯಾ ನೋಡಿ.

ದೇವಸ್ಥಾನ, ಜಾತ್ರೆಗಳಲ್ಲಿ ಹಾರ್ನ್ ಹಾಕುವ 100 ವೋಲ್ಟ್ ಲೈನಿನ ಆಂಪ್ಲಿಫೈಯರ್ ಆದರೆ ಲೆಕ್ಕ ಬೇರೆ. ಅಲ್ಲಿ ಓಮ್ ಕೂಡಿಸುವುದಲ್ಲ, ವಾಟ್ ಕೂಡಿಸಬೇಕು. 250 ವಾಟಿನ ಆಂಪ್ಲಿಫೈಯರಿಗೆ 30 ವಾಟಿನ ಟ್ಯಾಪಿನಲ್ಲಿ (ಹಾರ್ನಿನ ಲೈನ್ ಟ್ರಾನ್ಸ್‌ಫಾರ್ಮರಿನಲ್ಲಿ ವಾಟ್ ಆರಿಸುವ ತುದಿ) 10 ಹಾರ್ನ್ ಕೊಟ್ಟರೆ 300 ಆಯಿತು, ಅದು ಜಾಸ್ತಿ. ಇನ್ನೂ ಕೆಟ್ಟದ್ದು, ಲೈನ್ ಟ್ರಾನ್ಸ್‌ಫಾರ್ಮರ್ ಇಲ್ಲದ 16 ಓಮಿನ ಹಾರ್ನನ್ನು ನೇರ 100 ವೋಲ್ಟ್ ಟರ್ಮಿನಲ್ಲಿಗೆ ಕೊಡುವುದು. ಆ ಒಂದೇ ಹಾರ್ನ್ 625 ವಾಟ್ ಕೇಳುತ್ತದೆ. ಲೈನ್ ಟ್ರಾನ್ಸ್‌ಫಾರ್ಮರನ್ನು ಮಲ್ಟಿಮೀಟರಿನಿಂದ ಅಳೆದು ತೀರ್ಮಾನಕ್ಕೆ ಬರಬೇಡಿ. ಡಿಸಿಗೆ ಅದರ ರೆಸಿಸ್ಟೆನ್ಸ್ ಹೇಗೂ ಕಡಿಮೆಯೇ ಇರುತ್ತದೆ.

ಈಗ ಮುಚ್ಚಳ ತೆಗೆಯಿರಿ

ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೇ ಇಡಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು.

ದೊಡ್ಡ ಕೆಪಾಸಿಟರ್‌ಗಳಲ್ಲಿ ಇನ್ನೂ ಚಾರ್ಜ್ ಇರಬಹುದು, ಅದರಲ್ಲೂ ಫ್ಯೂಸ್ ಹೋದ ಸೆಟ್ಟಿನಲ್ಲಿ. 10,000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಬಿಡಿ. ಕಿಡಿ ಹಾರಿ ಕಣ್ಣಿಗೆ ಬೀಳುತ್ತದೆ, ಟ್ರ್ಯಾಕ್ ಎದ್ದು ಬರುತ್ತದೆ. 100 ಓಮ್ 10 ವಾಟಿನ ಒಂದು ರೆಸಿಸ್ಟರಿಗೆ ಎರಡು ವೈರು ಬೆಸೆದು, ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಸ್ಲೀವ್ ಹಾಕಿ ಇಟ್ಟುಕೊಳ್ಳಿ. ಒಂದೊಂದು ಕೆಪಾಸಿಟರಿಗೆ 5 ಸೆಕೆಂಡ್ ಹಿಡಿದರೆ ಖಾಲಿ. ಆದರೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ಮುಟ್ಟುವ ಮುಂಚೆ ನೋಡಿ, ಮೂಸಿ. ಸುಟ್ಟ ರೆಸಿಸ್ಟರಿನ ವಾಸನೆ ಬೇರೆ, ಟ್ರಾನ್ಸ್‌ಫಾರ್ಮರ್ ವಾರ್ನಿಷ್ ಬೆಂದ ವಾಸನೆ ಬೇರೆ. ಎರಡನೆಯದು ಬಂದರೆ ಖರ್ಚು ದೊಡ್ಡದು, ಮಾಲೀಕರಿಗೆ ಮೊದಲೇ ಹೇಳಿಬಿಡಿ. ಫ್ಯಾನಿಗೆ ಧೂಳಿನ ಕಂಬಳಿ ಹೊದ್ದಿದೆಯಾ? ಮಳೆಗಾಲ ಪೂರ್ತಿ ಗೋದಾಮಿನಲ್ಲಿದ್ದ ಸೆಟ್ಟಿನಲ್ಲಿ ಇರುವೆ ಗೂಡು, ಜಿರಳೆ ಹಿಕ್ಕೆ ಸಾಮಾನ್ಯ. ಟ್ರಾನ್ಸಿಸ್ಟರಿನ ಕಾಲುಗಳ ನಡುವೆ ಅಡ್ಡ ಬಿದ್ದು ಕರಕಲಾದ ಹಲ್ಲಿಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತೆಗೆದಿದ್ದೇನೆ. ಪಾಪ, ಬೆಚ್ಚಗಿರುತ್ತದೆ ಅಂತ ಬಂದು ಕೂತಿರುತ್ತದೆ.

ಫ್ಯೂಸ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಗಾಜು ಕಪ್ಪಾಗಿ, ಕನ್ನಡಿಯ ಹಾಗೆ ಲೇಪ ಹಿಡಿದಿದ್ದರೆ ಒಳಗೆ ನೇರ ಶಾರ್ಟ್. ಗಾಜು ಸ್ವಚ್ಛವಾಗಿದ್ದು ತಂತಿ ನಡುವೆ ಮಾತ್ರ ಕರಗಿ ತುಂಡಾಗಿದ್ದರೆ ನಿಧಾನವಾದ ಓವರ್‌ಲೋಡ್, ಇಲ್ಲವೇ ಫ್ಯೂಸಿಗೇ ವಯಸ್ಸಾಗಿದೆ.

ಮೀಟರ್ ಹಿಡಿದು ಹುಡುಕಾಟ

ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಮೊದಲು ಬ್ರಿಡ್ಜ್ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ಭಾಗ. ಚೌಕದ ಲೋಹದ ಕೆಬಿಪಿಸಿ3510 ಥರದ್ದು ಇದ್ದರೆ ಕೆಲಸ ಸುಲಭ, ವೈರು ಕಳಚಿ ನಾಲ್ಕು ಕಾಲಿನ ನಡುವೆ ನೋಡಬಹುದು. ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿಸುವ ಕಾಲು ಸಿಕ್ಕರೆ ಅದು ಹೋಗಿದೆ. ಬ್ರಿಡ್ಜ್ ಮಾತ್ರ ಹೋಗಿ ಔಟ್‌ಪುಟ್ ಪೂರ್ತಿ ಸರಿ ಇದ್ದರೆ ಏಟು ಲೈನಿನ ಕಡೆಯಿಂದ ಬಂದಿರುವ ಸಾಧ್ಯತೆ ಹೆಚ್ಚು.

ಮುಂದೆ ಔಟ್‌ಪುಟ್ ಟ್ರಾನ್ಸಿಸ್ಟರ್. 2ಎಸ್‌ಸಿ5200 ಅನ್ನು ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಮೀಟರ್ ಇಡಿ. ಕುಯ್ ಅಂದರೆ ಶಾರ್ಟ್. ಒಂದೇ ಸಾಲಿನಲ್ಲಿ ಮೂರು ಟ್ರಾನ್ಸಿಸ್ಟರ್ ಪ್ಯಾರಲಲ್ ಇದ್ದರೆ ಒಂದು ಹೋದರೂ ಮೂರೂ ಶಾರ್ಟ್ ಅಂತ ತೋರಬಹುದು. ಹಾಗಾಗಿ ಬಿಚ್ಚಿ ಹೊರಗಿಟ್ಟೇ ನೋಡಬೇಕು. ಹೊರಗೆ ತೆಗೆದ ಒಳ್ಳೆಯ 2ಎಸ್‌ಸಿ5200ಕ್ಕೆ ಬೇಸ್ ಮೇಲೆ ಕೆಂಪು ವೈರು ಇಟ್ಟರೆ ಕಲೆಕ್ಟರಿಗೂ ಎಮಿಟರಿಗೂ ಸುಮಾರು 0.5 ವೋಲ್ಟ್ ಬರುತ್ತದೆ. 2ಎಸ್‌ಎ1943ಕ್ಕೆ ಬೇಸ್ ಮೇಲೆ ಕಪ್ಪು ವೈರು. ಬಿಚ್ಚುವಾಗ ಯಾವುದು ಎಲ್ಲಿತ್ತು ಅಂತ ಮಾರ್ಕರಿನಿಂದ ನಂಬರ್ ಹಾಕಿ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಯಾಕೆಂದರೆ ಸತ್ತವರ ಪಟ್ಟಿಯೇ ಕಥೆ ಹೇಳುತ್ತದೆ. ಪ್ಲಸ್ ಕಡೆಯವು ಮಾತ್ರ ಹೋಗಿ ಮೈನಸ್ ಕಡೆಯವು ಉಳಿದಿದ್ದರೆ ನಾನು ಮೊದಲು ಲೋಡ್, ಸ್ಪೀಕರ್ ವೈರ್ ಕಡೆ ನೋಡುತ್ತೇನೆ. ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಬಯಾಸ್ (ಹಾಡು ಇಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಸ್ವಲ್ಪ ಕರೆಂಟ್ ಹರಿಯುವಂತೆ ಇಡುವ ಏರ್ಪಾಡು) ಅಥವಾ ಆಸಿಲೇಷನ್ (ಆಂಪ್ಲಿಫೈಯರ್ ತಾನಾಗಿ ಕಿರುಚುವುದು) ಕಡೆ. ಸಾಲಿನ ಒಂದು ತುದಿಯದ್ದು ಮಾತ್ರ ಹೋಗಿದ್ದರೆ ಅದರ ಕೆಳಗೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟು, ಸ್ಕ್ರೂ, ಫ್ಯಾನಿನ ಗಾಳಿ. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ಒಂದು ಶಾರ್ಟ್ ಆದ ಟ್ರಾನ್ಸಿಸ್ಟರ್ ಎದುರಿನದನ್ನೂ ಎಳೆದುಕೊಂಡು ಹೋಗುವುದುಂಟು.

ಎಮಿಟರಿನಲ್ಲಿ ಬಿಳಿ ಸಿಮೆಂಟ್ ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ 0.22 ಓಮ್ 5 ವಾಟ್. ಹೊರಗೆ ಬೆಳ್ಳಗೆ ಹೊಸದರಂತೆ ಕಂಡರೂ ಒಳಗೆ ತುಂಡಾಗಿರಬಹುದು, ಪ್ರತಿಯೊಂದನ್ನೂ ಅಳೆಯಿರಿ. ಆಮೇಲೆ ಬೇಸ್ ರೆಸಿಸ್ಟರ್‌ಗಳು, ಡ್ರೈವರ್ ಟ್ರಾನ್ಸಿಸ್ಟರ್‌ಗಳು, ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ನಡೆಸುವ ಚಿಕ್ಕವು. ಔಟ್‌ಪುಟ್ ಶಾರ್ಟ್ ಆದಾಗ ಆ ಏಟು ಬೇಸ್ ದಾರಿಯಲ್ಲಿ ಹಿಂದಕ್ಕೆ ಹೋಗಿ ಡ್ರೈವರನ್ನೂ ಸುಡುತ್ತದೆ. ಔಟ್‌ಪುಟ್ ಮಾತ್ರ ಹಾಕಿ ಡ್ರೈವರ್ ನೋಡದೆ ಕೊಟ್ಟ ರಿಪೇರಿ ತಿರುಗಿ ಬಂದೇ ಬರುತ್ತದೆ.

ಹೀಟ್‌ಸಿಂಕ್ ನೋಡುವುದನ್ನು ಬಿಡಬೇಡಿ. ಟ್ರಾನ್ಸಿಸ್ಟರ್ ತೆಗೆದಾಗ ಕೆಳಗಿನ ಪೇಸ್ಟಿನ ಗುರುತು ನೋಡಿ. ತೆಳ್ಳಗೆ, ಎಲ್ಲ ಕಡೆ ಸಮನಾಗಿ ಹರಡಿದ್ದರೆ ಒಳ್ಳೆಯದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಒಣಗಿ ಹಿಟ್ಟಾಗಿದ್ದರೆ ಅದು ಸರಿಯಾಗಿ ಕೂತಿರಲಿಲ್ಲ. ಟ್ರಾನ್ಸಿಸ್ಟರಿನ ಕೆಳಗೆ ಕರೆಂಟ್ ತಡೆಯಲು ಇಟ್ಟ ಮೈಕಾ ಹಾಳೆಯಲ್ಲಿ ಸೂಜಿಯಷ್ಟು ತೂತು, ಡ್ರಿಲ್ ಮಾಡಿದ ಅಲ್ಯುಮಿನಿಯಂ ಚೂರು ಇದೆಯಾ ನೋಡಿ. 2ಎಸ್‌ಸಿ5200 ಮೇಲೆ 150 ವಾಟ್ ಅಂತ ಹೇಳುತ್ತಾರಲ್ವಾ, ಅದು ಟ್ರಾನ್ಸಿಸ್ಟರಿನ ಕೇಸ್ 25 ಡಿಗ್ರಿಯಲ್ಲಿ ಇದ್ದಾಗ ಮಾತ್ರ. 75 ಡಿಗ್ರಿಗೆ ಬಂದರೆ ಅದು ತಾಳುವುದು 90 ವಾಟ್. ಇನ್ನೂ ಒಂದು ಮಾತು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕ್ಲಾಸ್ ಎಬಿ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್ ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಪವರಿನಲ್ಲಲ್ಲ, ಸುಮಾರು 40 ಶೇಕಡಾ ಪವರಿನಲ್ಲಿ. ಹಾಗಾಗಿ "ಅರ್ಧವೇ ಇಟ್ಟಿದ್ದೆವು" ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಕೊನೆಗೆ ಔಟ್‌ಪುಟ್ ಲೈನಿನಿಂದ ಗ್ರೌಂಡಿಗೆ ಹೋಗುವ 10 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹುಡುಕಿ. ಇದಕ್ಕೆ ಜೋಬೆಲ್ ನೆಟ್‌ವರ್ಕ್ ಅನ್ನುತ್ತಾರೆ. ಆ 10 ಓಮ್ ಕರಕಲಾಗಿದ್ದರೆ ಆಂಪ್ಲಿಫೈಯರ್ ಕಿವಿಗೆ ಕೇಳಿಸದ ಎತ್ತರದ ಸ್ವರದಲ್ಲಿ ಕಿರುಚುತ್ತಿತ್ತು, ಅಂದರೆ ಆಸಿಲೇಟ್ ಆಗುತ್ತಿತ್ತು. ಹಳೆ ರಿಪೇರಿಯಲ್ಲಿ ಯಾರೋ ಬೇರೆ ನಂಬರಿನ ಟ್ರಾನ್ಸಿಸ್ಟರ್ ಹಾಕಿರಬಹುದು, ಗ್ರೌಂಡ್ ವೈರ್ ಬೇರೆ ಕಡೆ ಬೆಸೆದಿರಬಹುದು. ಆಸಿಲೋಸ್ಕೋಪ್ ಇದ್ದವರು ಮಾತ್ರ ಇದನ್ನು ಖಚಿತ ಮಾಡಲು ಸಾಧ್ಯ.

ಸೀರೀಸ್ ಬಲ್ಬ್

ಈಗ ಕರೆಂಟ್ ಕೊಡುವ ಹೊತ್ತು. ನೇರ ಕೊಡಬೇಡಿ. ಆಂಪ್ಲಿಫೈಯರಿನ ಫೇಸ್ ಲೈನಿನಲ್ಲಿ ಒಂದು ಬಲ್ಬನ್ನು ಸೀರೀಸ್ ಹಾಕಿ. 60 ಅಥವಾ 100 ವಾಟಿನ ಹಳೆ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಹೊಲ್ಡರು, ಸಾಕೆಟ್ಟು, ಸ್ವಿಚ್ಚು ಒಂದು ಹಲಗೆಗೆ ಹೊಡೆದು ಇಟ್ಟುಕೊಂಡರೆ ಜೀವಮಾನಕ್ಕೆ ಬರುತ್ತದೆ. ಸ್ಪೀಕರ್ ಜೋಡಿಸಬೇಡಿ.

ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಜೋರಾಗಿ ಹೊಳೆದು, ನಿಧಾನಕ್ಕೆ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿದೆ, ಸರಿ ಇದೆ. ಜೋರಾಗಿಯೇ ಉರಿಯುತ್ತಿದ್ದರೆ ಒಳಗೆ ಇನ್ನೂ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಆಗ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಬಿಡಿಸಿ ಮತ್ತೆ ನೋಡಿ. ಆಗಲೂ ಜೋರಾಗಿ ಉರಿದರೆ ಟ್ರಾನ್ಸ್‌ಫಾರ್ಮರೇ ಹೋಗಿದೆ.

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಹಾಕದೆಯೇ ಬೋರ್ಡನ್ನು ಓಡಿಸಿ ನೋಡುವುದು ನನ್ನ ಇಷ್ಟದ ವಿಧಾನ. ಎರಡು ಡ್ರೈವರಿನ ಎಮಿಟರಿನಿಂದ ಔಟ್‌ಪುಟ್ ಲೈನಿಗೆ 100 ಓಮಿನ ಒಂದೊಂದು ರೆಸಿಸ್ಟರ್ ತಾತ್ಕಾಲಿಕವಾಗಿ ಬೆಸೆಯಿರಿ. ಫೀಡ್‌ಬ್ಯಾಕಿಗೆ (ಔಟ್‌ಪುಟ್ಟಿನಿಂದ ಮುಂಭಾಗಕ್ಕೆ ತಿರುಗಿ ಹೋಗುವ ಸಿಗ್ನಲ್ಲಿಗೆ) ದಾರಿ ಸಿಕ್ಕಿ ಬೋರ್ಡ್ ಪುಟ್ಟ ಆಂಪ್ಲಿಫೈಯರಿನಂತೆ ಕೆಲಸ ಮಾಡುತ್ತದೆ. ಈಗ ಔಟ್‌ಪುಟ್ ಲೈನ್ ಮತ್ತು ಗ್ರೌಂಡ್ ನಡುವೆ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗೆ ಇರಬೇಕು. ವೋಲ್ಟುಗಟ್ಟಲೆ ಬಂದರೆ ಮುಂಭಾಗದ ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ತೊಂದರೆ ಇದೆ. ಆಮೇಲೆ ಎರಡು ಡ್ರೈವರ್‌ಗಳ ಬೇಸಿನಿಂದ ಬೇಸಿಗೆ ಅಳೆಯಿರಿ. ಇಲ್ಲಿ 2.2ರಿಂದ 2.4 ವೋಲ್ಟ್ ಇರಬೇಕು.

ಆ ಹುಡುಗನ ಆಂಪ್ಲಿಫೈಯರಿನಲ್ಲಿ 2.3 ಇತ್ತು. ಡಿಸಿಯೂ ಸರಿ. ಎಲ್ಲ ಚೆನ್ನಾಗಿದೆ ಅಂತ ಟ್ರಾನ್ಸಿಸ್ಟರ್ ಹಾಕಿಬಿಡಬಹುದಿತ್ತು. ಆದರೆ ಎರಡು ಸಲ ಹಾಗೇ ಮಾಡಿದ್ದಾರಲ್ಲ! ಮೀಟರನ್ನು ಬೇಸ್‌ಗಳ ಮೇಲೆ ಕ್ಲಿಪ್ ಹಾಕಿ ಬಿಟ್ಟು, ಬೋರ್ಡನ್ನು ಒಣ ಬಿದಿರು ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಕೆಪಾಸಿಟರ್ ಹತ್ತಿರ ಏನಿಲ್ಲ. ಡ್ರೈವರ್ ಹತ್ತಿರ ಏನಿಲ್ಲ. ಹೀಟ್‌ಸಿಂಕಿಗೆ ಸ್ಕ್ರೂ ಮಾಡಿದ್ದ ಬಿಡಿ139 ಹತ್ತಿರ ತಟ್ಟಿದಾಗ ಮೀಟರ್ 2.3ರಿಂದ 5ಕ್ಕೂ ಮೇಲೆ ಹಾರಿತು, ಮತ್ತೆ ಇಳಿಯಿತು. ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಬೋರ್ಡ್ ತಿರುಗಿಸಿ ಭೂತಗನ್ನಡಿ ಹಿಡಿದೆ. ಆ ಟ್ರಾನ್ಸಿಸ್ಟರಿನ ನಡುಗಾಲಿನ ಸುತ್ತ ಸೋಲ್ಡರಿನಲ್ಲಿ ಕೂದಲಿನಷ್ಟು ಸಣ್ಣ ಉಂಗುರ. ಬಿರುಕು.

ಬಿಡಿ139 ಅಲ್ಲಿ ಬಯಾಸ್ ಟ್ರಾನ್ಸಿಸ್ಟರ್. ಬಿಸಿ ಏರಿದರೆ ಪ್ರತಿ ಡಿಗ್ರಿಗೂ ಟ್ರಾನ್ಸಿಸ್ಟರಿನ ಬೇಸ್ ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಮತ್ತೆ ಬಿಸಿ. ಅದನ್ನು ಹಿಡಿದಿಡಲು ಬಯಾಸ್ ಟ್ರಾನ್ಸಿಸ್ಟರನ್ನು ಹೀಟ್‌ಸಿಂಕಿಗೇ ಕಟ್ಟಿರುತ್ತಾರೆ. ಅದರ ನಡುಗಾಲು, ಅಂದರೆ ಕಲೆಕ್ಟರ್, ಬಿಟ್ಟುಹೋದರೆ ಬ್ರೇಕ್ ಕಿತ್ತ ಗಾಡಿಯೇ. ಪ್ಲಸ್ ಕಡೆ, ಮೈನಸ್ ಕಡೆ ಎರಡೂ ಒಟ್ಟಿಗೆ ಪೂರ್ತಿ ತೆರೆದುಕೊಂಡು ಒಂದನ್ನೊಂದು ಸುಡುತ್ತವೆ. ಟೆಂಪೋದಲ್ಲಿ ಊರೂರು ಸುತ್ತಿದ ಸೆಟ್ಟು, ಅಲುಗಾಡಿ ಅಲುಗಾಡಿ ಆ ಕಾಲು ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ತಾಗುತ್ತಿತ್ತು, ಅಂಗಡಿಯಲ್ಲಿ ಟೆಸ್ಟ್ ಮಾಡುವಾಗ ಸರಿ. ರಾತ್ರಿ ಬಿಸಿಯಾದಾಗ ಬಿಡುತ್ತಿತ್ತು.

ಅಲ್ಲೇ ಪಕ್ಕದಲ್ಲಿ ಬಯಾಸ್ ಪ್ರಿಸೆಟ್, ಅಂದರೆ ಬಯಾಸನ್ನು ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್ ಇರುತ್ತದೆ. ಅದನ್ನು ಬಯಾಸ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸ್ ನಡುವೆ ಹಾಕಿದ ಬೋರ್ಡುಗಳಲ್ಲಿ, ಧೂಳು ತುಂಬಿ ಪ್ರಿಸೆಟ್ ಓಪನ್ ಆದರೂ ಇದೇ ಗತಿ. ಹಳೆಯ ತೆರೆದ ಪ್ರಿಸೆಟ್ ಕಂಡರೆ ನಾನು ಕೇಳದೇ ಬದಲಿಸುತ್ತೇನೆ. ಕೆಲವೇ ರೂಪಾಯಿಯ ಸಾಮಾನು.

ಈಗ ಜೋಡಿಸಿ

ಕಾರಣ ಸಿಕ್ಕಿತು ಅಂತಾದ ಮೇಲೆ ಟ್ರಾನ್ಸಿಸ್ಟರ್ ತನ್ನಿ. ಒಂದು ಹೋಗಿದ್ದರೂ ಆ ಚಾನೆಲ್ಲಿನ ಎಲ್ಲವನ್ನೂ ಬದಲಿಸಿ, ಉಳಿದವು ಏಟು ತಿಂದಿರುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದರೂ ಆನ್‌ಲೈನಿನಲ್ಲಿ ತರಿಸಿದರೂ ನಂಬಿಕೆಯ ಜಾಗದಿಂದಲೇ ತನ್ನಿ, ಈ ನಂಬರಿನಲ್ಲಿ ನಕಲಿ ತುಂಬಾ ಇದೆ. ಅನುಮಾನ ಇದ್ದರೆ ಸತ್ತ ಒಂದನ್ನು ಕನ್ನಡಕ ಹಾಕಿಕೊಂಡು, ಬಟ್ಟೆ ಸುತ್ತಿ ವೈಸಿನಲ್ಲಿ ಒಡೆದು ನೋಡಿ. ಒಳಗಿನ ಸಿಲಿಕಾನ್ ಚೂರು ಸಾಸಿವೆ ಕಾಳಿನಷ್ಟೇ ಇದ್ದರೆ ಅದು 15 ಆಂಪಿಯರ್ ಹೊರುವ ಟ್ರಾನ್ಸಿಸ್ಟರ್ ಅಲ್ಲ.

ಹಾಕಿದ ಮೇಲೆ ಹೀಟ್‌ಸಿಂಕ್ ಮತ್ತು ಕಲೆಕ್ಟರ್ ನಡುವೆ ಓಪನ್ ಇದೆಯಾ ನೋಡಿ. 100 ಓಮ್ ರೆಸಿಸ್ಟರ್‌ಗಳನ್ನು ತೆಗೆಯಿರಿ. ಬಯಾಸ್ ಅತಿ ಕಡಿಮೆಗೆ ತಿರುಗಿಸಿ, ಸೀರೀಸ್ ಬಲ್ಬಿನಲ್ಲೇ ಮೊದಲ ಸಲ ಆನ್ ಮಾಡಿ. ಡಿಸಿ ಸರಿ ಇದ್ದರೆ ಆಮೇಲೆ ನೇರ ಲೈನಿಗೆ. ಬಲ್ಬ್ ಇರುವಾಗ ಬಯಾಸ್ ಹೊಂದಿಸಬೇಡಿ, ಸಪ್ಲೈ ಕಡಿಮೆ ಇರುತ್ತದೆ, ಲೆಕ್ಕ ತಪ್ಪುತ್ತದೆ. 0.22 ಓಮ್ ರೆಸಿಸ್ಟರಿನ ಎರಡು ತುದಿಯಲ್ಲಿ ಎಷ್ಟು ಇರಬೇಕು ಅಂತ ಸರ್ಕ್ಯೂಟ್ ಚಿತ್ರದಲ್ಲಿ ಕೊಟ್ಟಿದ್ದರೆ ಅಷ್ಟೇ ಇಡಿ. ಇಲ್ಲದಿದ್ದರೆ ನಾನು 5 ಮಿಲಿವೋಲ್ಟಿನಿಂದ ಶುರು ಮಾಡಿ 10 ದಾಟಿಸುವುದಿಲ್ಲ. 20 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಏರುತ್ತಲೇ ಇದ್ದರೆ ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕಿಗೆ ಸರಿಯಾಗಿ ಅಂಟಿಲ್ಲ.

ಆಮೇಲೆ ಕಡಿಮೆ ಬೆಲೆಯ ಹಳೆ ಸ್ಪೀಕರ್ ಹಾಕಿ ಒಂದು ಗಂಟೆ ಹಾಡಿಸಿ. ಗಿರಾಕಿಯ ಬಾಕ್ಸ್ ಆಮೇಲೆ.

ಆ ಹುಡುಗನ ಸೆಟ್ಟಿಗೆ ಬಿಡಿ139ರ ಮೂರೂ ಕಾಲಿಗೆ ಹೊಸ ಸೋಲ್ಡರ್ ಹಾಕಲಿಲ್ಲ, ಟ್ರಾನ್ಸಿಸ್ಟರೇ ಬದಲಿಸಿದೆ. ಕಾಲು ಮತ್ತು ಬೋರ್ಡ್ ನಡುವೆ ಬಾಗುವ ಸಣ್ಣ ವೈರು ಕೊಟ್ಟೆ, ಟೆಂಪೋ ಎಷ್ಟು ಕುಲುಕಿದರೂ ಸೋಲ್ಡರಿಗೆ ಎಳೆತ ಬರದ ಹಾಗೆ. ಮುಚ್ಚಳದ ಒಳಬದಿಗೆ ಬಿಳಿ ಟೇಪ್ ಅಂಟಿಸಿ ತಾರೀಖು, ಬಯಾಸ್ 8 ಮಿಲಿವೋಲ್ಟ್, ಡಿಸಿ 12 ಮಿಲಿವೋಲ್ಟ್, ಬಯಾಸ್ ಕಾಲು ಬಿರುಕು ಅಂತ ಬರೆದೆ. ನೀವೂ ಹೀಗೆ ಬರೆದಿಡಿ. ಮುಂದೆ ಆ ಮುಚ್ಚಳ ತೆಗೆಯುವವರು ಯಾರೇ ಆಗಲಿ, ಎಲ್ಲಿಂದ ನೋಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ.